ಸುಣ್ಣದ ಗೆರೆಯ ಮನೆ

ಸರ್ರನೆ ಹೊರಗೆ ಬಂದು, ಒಂದು ಗಳಿಗೆ ಗಾಳಿಯಲ್ಲಿ ನಡುಗಿ, ಟಕ್ ಎಂದು ಡಬ್ಬಿಯೊಳಗೆ ಮರಳುವ ಉಕ್ಕಿನ ಟೇಪಿನ ಸದ್ದು. ಆ ಶನಿವಾರ ಬೆಳಿಗ್ಗೆ, ಮೂರನೇ ಮಹಡಿಯ ಫ್ಲಾಟೊಂದರ ಮಲಗುವ ಕೋಣೆಯಲ್ಲಿ ಅದು ಹನ್ನೊಂದು ಸಲ ಕೇಳಿಸಿತು. ಹನ್ನೆರಡನೆಯ ಸಲಕ್ಕೆ ಮನೆಯೊಡತಿ ಬಾಗಿಲಿಗೆ ಬಂದು ನಿಂತಳು.

“ಒಂದು ಬೀರು ಮಾಡ್ಸೋಕೆ ಇಷ್ಟೊಂದು ಅಳೀಬೇಕಾ ಮೇಡಂ? ಮೊನ್ನೆ ಕಂಪನಿಯವನೊಬ್ಬ ಬಂದಿದ್ದ. ಗೋಡೆಗೆ ಕೆಂಪು ಲೈಟು ಬಿಟ್ಟ, ಎರಡೇ ನಿಮಿಷ. ಚಹಾ ಕೂಡ ಕುಡೀಲಿಲ್ಲ.”

“ಗೋಡೆ ಅಳೆಯೋದಾದ್ರೆ ನನಗೂ ಎರಡೇ ನಿಮಿಷ. ನಿಮ್ಮ ಹಾಸಿಗೆ, ಬಟ್ಟೆಬುಟ್ಟಿ, ಆ ಬಾಗಿಲ ಹಿಂದೆ ಜೋತಾಡ್ತಿರೋ ಚೀಲ ಇವೆಲ್ಲ ಎಲ್ಲಿಗೆ ಹೋಗ್ಬೇಕು?” ಬಗ್ಗಿದ್ದವಳು ಸೊಂಟ ಹಿಡಿದುಕೊಂಡು ಎದ್ದಳು. “ನನಗೇನೂ ಬಿಂಕ ಇಲ್ಲ, ಚಹಾ ಕುಡೀತೀನಿ.”

ಅವಳಿಗೆ ಟೇಪಕ್ಕ ಎಂಬ ಹೆಸರಿಟ್ಟವರು ಗಾರೆ ಕೆಲಸದವರು. ಕಚೇರಿಯ ಬೋರ್ಡಿನ ಮೇಲೆ ಬೇರೆ ಹೆಸರಿದೆ, ಅದರ ಬಾಲಕ್ಕೆ ಎರಡು ಪದವಿಗಳೂ ಇವೆ. ಇಪ್ಪತ್ತಾರು ವರ್ಷಗಳಲ್ಲಿ ಆ ಹೆಸರು ಹಿಡಿದು ಕರೆದವರು ಬ್ಯಾಂಕಿನವರು ಮಾತ್ರ. ವಯಸ್ಸು ಐವತ್ತಮೂರು, ವೃತ್ತಿ ಆರ್ಕಿಟೆಕ್ಟ್. ಮನೆಗಳನ್ನು ಬಿಟ್ಟು ಬೇರೇನನ್ನೂ ಅವಳು ಕಟ್ಟಿಸಿಲ್ಲ. ಹೋಟೆಲು, ಅಂಗಡಿ, ಆಸ್ಪತ್ರೆ ಕೇಳಿಕೊಂಡು ಬಂದವರಿಗೆ, “ಜನ ನಿದ್ದೆ ಮಾಡೋ ಜಾಗ ಆದ್ರೆ ಹೇಳಿ” ಎಂದು ನಗುತ್ತ ಬೇರೆಯವರ ವಿಳಾಸ ಬರೆದುಕೊಡುತ್ತಿದ್ದಳು. ಹಾಗೆ ವಿಳಾಸ ಬರೆದುಕೊಡುವಷ್ಟು ಕೆಲಸ ಆಗ ಇತ್ತು.

ಈಗ ಮನೆ ಕಟ್ಟಿಸುವವರು ಕಡಿಮೆಯಾದರು. ಗೋಡೆ ಎದ್ದು ಬಣ್ಣ ಬಳಿದಾದ ಫ್ಲಾಟು ಕೊಂಡು, ಒಳಗೆ ಬೀರು ಕೂರಿಸುವವರು ಹೆಚ್ಚಾದರು. ಸೈಟು ಇದ್ದವರು ಸಿಮೆಂಟಿನ ಬೆಲೆ ನೋಡಿ ಆರು ತಿಂಗಳು, ಕಬ್ಬಿಣದ ಬೆಲೆ ನೋಡಿ ಆರು ತಿಂಗಳು, ಸಾಲದ ಬಡ್ಡಿ ಏರಿತೆಂದು ಒಂದು ವರ್ಷ ಮುಂದೂಡಿದರು. ಉಳಿದವರು ಫೋನಿನಲ್ಲಿ ಯಾವುದೋ ದೇಶದ ಅಡುಗೆಮನೆಯ ಚಿತ್ರ ತೋರಿಸಿ, “ಇದೇ ಥರ, ಆದ್ರೆ ನಮ್ಮನೇಲಿ” ಎಂದರು. ಪ್ಲೈವುಡ್ ಅಂಗಡಿಯವನು ಹಲಗೆ ಕೊಂಡವರಿಗೆ ನಕ್ಷೆಯನ್ನು ಪುಕ್ಕಟೆ ಕೊಡತೊಡಗಿದ. ಈ ವರ್ಷ ಟೇಪಕ್ಕನ ಕೈಯಲ್ಲಿದ್ದದ್ದು ಎರಡು ಬೀರು, ಒಂದು ಬಚ್ಚಲು, ಒಂದು ಅಡುಗೆಮನೆಯ ಕಟ್ಟೆ. ಜೊತೆಗೆ, ಇನ್ನೂ ಕಾಗದದ ಮೇಲಿರುವ ಒಂದೇ ಒಂದು ಮನೆ.

ಆ ಒಂದು ಮನೆಯ ಮೇಲೆ ಅವಳ ಕಚೇರಿ ನಿಂತಿತ್ತು. ಅದು ಸಿಕ್ಕರೆ ಇನ್ನೊಂದು ವರ್ಷ ಬಾಗಿಲು ತೆರೆದಿರುತ್ತದೆ. ಸಿಗದಿದ್ದರೆ ತಿಂಗಳ ಕೊನೆಗೆ ಬೀಗದ ಕೈಯನ್ನು ಕಟ್ಟಡದ ಮಾಲೀಕನಿಗೆ ಕೊಡಬೇಕು.

ಫ್ಲಾಟಿನಿಂದ ಕಚೇರಿಗೆ ಬಂದಾಗ, ನಾಲ್ಕು ತಿಂಗಳಿಂದ ಖಾಲಿಯಿದ್ದ ಎದುರು ಮೇಜಿನ ಮೇಲೆ, ಎಲ್ಲರೂ ಪರದೆ ಎಂದು ಕರೆಯುವ ಅವಳ ಗೆಳೆಯ ಕುಳಿತಿದ್ದ. ಕುರ್ಚಿ ಬಿಟ್ಟು ಮೇಜಿನ ಮೇಲೆ ಕೂರುವುದು ಅವನ ಹಳೇ ಚಾಳಿ. ಕಾಲೇಜಿನಿಂದ ಜೊತೆಗಾರ, ಹದಿನೈದು ವರ್ಷ ಇದೇ ಕೋಣೆಯ ಪಾಲುದಾರ. ಅವಳು ಗೋಡೆ ಎಬ್ಬಿಸಿದರೆ ಒಳಗಿನದೆಲ್ಲ ಅವನದು. ಯಾವ ಮನೆಗೆ ಹೋದರೂ ಮೊದಲು ಕಿಟಕಿಯ ಪರದೆಯ ಬಣ್ಣ ಆರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸುತ್ತಿದ್ದದ್ದರಿಂದ ಆ ಹೆಸರು. ನಾಲ್ಕು ತಿಂಗಳ ಹಿಂದೆ, ನಲವತ್ತೈದು ದಿನದಲ್ಲಿ ಮನೆಯ ಒಳಾಂಗಣ ಮುಗಿಸಿಕೊಡುವ ದೊಡ್ಡ ಕಂಪನಿಯೊಂದಕ್ಕೆ ಅವನು ಸೇರಿಕೊಂಡಿದ್ದ.

“ನನ್ನ ಗಿಡಕ್ಕೆ ನೀರು ಹಾಕಿದೀಯಲ್ಲ, ಪರವಾಗಿಲ್ಲ” ಎಂದ, ಕಿಟಕಿಯ ಬಳಿಯ ಕುಂಡ ನೋಡಿ.

“ಗಿಡದ ಮೇಲೆ ನನಗೇನು ಸಿಟ್ಟು? ನೀನು ಕೂತಿರೋ ಮೇಜು ಈಗ ನಂದು. ಇಳಿ.”

ಅವನು ಇಳಿಯಲಿಲ್ಲ. ಬಂದ ವಿಷಯ ಇಬ್ಬರಿಗೂ ಗೊತ್ತಿತ್ತು. ಕಾಗದದ ಮೇಲಿದ್ದ ಆ ಒಂದು ಮನೆ ಔಷಧಿ ಅಂಗಡಿಯ ದಂಪತಿಯದು, ಎರಡು ತಿಂಗಳ ಹಿಂದೆ ಅವರು ಟೇಪಕ್ಕನ ಹತ್ತಿರ ನಕ್ಷೆ ಕೇಳಿಕೊಂಡು ಬಂದಿದ್ದರು. ನಡುವೆ ಕಂಪನಿಯ ಜಾಹೀರಾತು ಅವರ ಕಣ್ಣಿಗೆ ಬಿತ್ತು. ಕಂಪನಿ ಟೇಪಕ್ಕನ ನಕ್ಷೆಯನ್ನು ಒಂದಿಷ್ಟು ತಿದ್ದಿ, ಎರಡು ಮಹಡಿ ಎತ್ತರದ ಹಾಲ್ ಸೇರಿಸಿ, ಬಿಸಿಲು ಸುರಿಯುವ ಬಣ್ಣದ ಚಿತ್ರ ಮಾಡಿಕೊಟ್ಟಿತು. ಅಂಗಡಿಯವನ ಹೆಂಡತಿ ಆ ಚಿತ್ರವನ್ನು ಬಳಗದವರಿಗೆಲ್ಲ ಕಳಿಸಿಯೂ ಆಗಿತ್ತು.

“ನೋಡು, ಕಂಪನಿಗೆ ಒಬ್ಬ ಆರ್ಕಿಟೆಕ್ಟ್ ಬೇಕು. ನಿನ್ನ ಹೆಸರು ನಾನೇ ಹೇಳಿದೀನಿ. ತಿಂಗಳ ಸಂಬಳ, ಕಾರಿನ ಖರ್ಚು, ಎಲ್ಲ ಇದೆ. ನಾಳೆ ಆ ಅಂಗಡಿಯವರು ಸೈಟಿಗೆ ಬರ್ತಾರೆ, ನೀನು ಕಂಪನಿ ನಕ್ಷೆಗೆ ಸಹಿ ಹಾಕು, ಅವರು ಒಪ್ಪಂದಕ್ಕೆ ಹಾಕ್ತಾರೆ. ಮನೇನೂ ಉಳೀತು, ನೀನೂ ಉಳಿದೆ.”

“ಸರಿ. ನಾಳೆ ಹೇಗಿದ್ರೂ ಸುಣ್ಣ ಹಾಕಿ ತೋರಿಸ್ತೀನಲ್ಲ, ಆಗ…”

“ಅದೇ ಬೇಡ!” ಪರದೆ ಮೇಜಿನಿಂದ ಜಿಗಿದೇ ಬಿಟ್ಟ. “ಕೈ ಮುಗೀತೀನಿ ಮಾರಾಯ್ತಿ, ಆ ಸುಣ್ಣದ ಆಟ ಒಂದು ಬೇಡ.”

ಸುಣ್ಣದ ಆಟ ಎಂದು ಅವನು ಹಂಗಿಸಿದ್ದು ಅವಳು ಮನೆ ಮಾಡುವ ರೀತಿಯನ್ನು. ಪಾಯ ಅಗೆಯುವಾಗ ಮೇಸ್ತ್ರಿಗಳೆಲ್ಲ ನೆಲಕ್ಕೆ ಸುಣ್ಣದ ಪುಡಿಯ ಗೆರೆ ಹಾಕುತ್ತಾರೆ. ಟೇಪಕ್ಕ ಅದನ್ನು ಬಹಳ ಮೊದಲೇ, ಯಾರೂ ಯಾವ ಕಾಗದಕ್ಕೂ ಸಹಿ ಹಾಕುವ ಮುಂಚೆ ಹಾಕುತ್ತಿದ್ದಳು. ಗೋಡೆ ಮಾತ್ರವಲ್ಲ, ಮಂಚ, ಒಲೆಕಟ್ಟೆ, ಬಾಗಿಲು ತೆರೆದಾಗ ಅದು ಸುತ್ತುವ ಅರ್ಧಚಂದ್ರ, ಎಲ್ಲವೂ ನಿಜವಾದ ಅಳತೆಯಲ್ಲಿ. ಆಮೇಲೆ ಮನೆಯವರನ್ನು ಅದರೊಳಗೆ ಓಡಾಡಲು ಬಿಡುತ್ತಿದ್ದಳು. “ಈಗ ಬೆಳಿಗ್ಗೆ ಆರು ಗಂಟೆ. ಎದ್ದಿರಿ. ಏನು ಮಾಡ್ತೀರಿ, ಮಾಡಿ” ಎನ್ನುತ್ತಿದ್ದಳು. ದೊಡ್ಡವರು ನಾಚುತ್ತ ಹಲ್ಲುಜ್ಜುವಂತೆ ನಟಿಸಿ, ಇಲ್ಲದ ಗೋಡೆ ದಾಟಿ ಬೈಸಿಕೊಳ್ಳುತ್ತಿದ್ದರು.

ಇದು ಅವಳ ಕೈಗೆ ಬಂದದ್ದು ಕಾಲೇಜಿನಿಂದಲ್ಲ. ಅವಳು ಹುಟ್ಟಿ ಬೆಳೆದ ಬಾಡಿಗೆ ಮನೆಯಲ್ಲಿ ಒಂದೇ ಕೋಣೆ, ಒಂದು ಮಂಚ, ಒಂದು ಬೀರು. ಮಂಚ ಅಡ್ಡ ಬರುತ್ತಿದ್ದುದರಿಂದ ಬೀರುವಿನ ಎಡಬಾಗಿಲು ಒಂದು ಗೇಣಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಅಮ್ಮ ಆ ಸಂದಿಯಲ್ಲಿ ಕೈ ತೂರಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ಬಟ್ಟೆ ಗುರುತಿಸಿ ಎಳೆಯುತ್ತಿದ್ದಳು. ಇಪ್ಪತ್ತೆರಡು ವರ್ಷ. ಆ ಮನೆ ಬಿಡುವ ದಿನ ಮಂಚ ಹೊರಗೆ ಹೋದ ಮೇಲೆ ಬಾಗಿಲು ಪೂರ್ತಿ ತೆರೆದುಕೊಂಡಿತು. ಒಳಗಿನ ಮೂಲೆಯನ್ನು ಮೊದಲ ಸಲ ಕಂಡ ಅಮ್ಮ, “ಅಯ್ಯೋ, ಇಷ್ಟು ಜಾಗ ಇತ್ತಾ ಇಲ್ಲಿ” ಎಂದಳು. ಯಾರೋ ಒಬ್ಬನ ಪೆನ್ಸಿಲ್ಲು ಅರ್ಧ ಅಡಿ ಆಚೆ ಸರಿದಿದ್ದರೆ ಸಾಕಿತ್ತು ಎಂಬ ಲೆಕ್ಕ ಮಗಳ ಮನಸ್ಸಿನಲ್ಲಿ ಅಂದು ಕೂತದ್ದು ಏಳಲೇ ಇಲ್ಲ.

ಆದರೆ ಸುಣ್ಣಕ್ಕೆ ಒಂದು ಕೆಟ್ಟ ಗುಣವಿದೆ. ತಲೆಯ ಮೇಲೆ ಇಡೀ ಆಕಾಶವಿರುವಾಗ, ನೆಲದ ಮೇಲೆ ಎಳೆದ ಯಾವ ಕೋಣೆಯೂ ಬೆಂಕಿಪೊಟ್ಟಣದಂತೆ ಕಾಣುತ್ತದೆ. ಗೋಡೆ ಎದ್ದು, ಬಣ್ಣ ಬಿದ್ದು, ಕಿಟಕಿಯಿಂದ ಬೆಳಕು ಬಂದ ಮೇಲೆ ಅದೇ ಕೋಣೆ ಹಿಗ್ಗುತ್ತದೆ. ಕಟ್ಟುವವರಿಗೆಲ್ಲ ತಿಳಿದ ಮಾತು ಇದು, ಕಟ್ಟಿಸುವವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಕಳೆದ ವರ್ಷ ಹಲ್ಲಿನ ಡಾಕ್ಟರೊಬ್ಬರು ಗೆರೆಗಳ ನಡುವೆ ನಿಂತು, “ಇದಕ್ಕಿಂತ ನನ್ನ ರೋಗಿ ಬಾಯಿ ದೊಡ್ಡದಾಗಿ ತೆರೀತಾನೆ” ಎಂದು ಕಾರು ಹತ್ತಿ ಹೋದವರು ಸಿದ್ಧ ಫ್ಲಾಟು ಕೊಂಡರು. ಅಲ್ಲಿಯ ಕೋಣೆ ಅರ್ಧ ಅಡಿ ಇನ್ನೂ ಚಿಕ್ಕದು. ಅವರ ಹಿಂದೆಯೇ ಇನ್ನೊಂದು ಸಂಸಾರವೂ ಹಾಗೇ ಕೈಕೊಟ್ಟಿತು. ಪರದೆ ಮೇಜು ಖಾಲಿ ಮಾಡಿದ್ದು ಅದಾದ ಮೇಲೆ.

“ನನಗೂ ಅಲ್ಲಿ ಹಿತ ಇದೆ ಅಂತಲ್ಲ” ಎಂದ ಅವನು, ದನಿ ತಗ್ಗಿಸಿ. “ಇಬ್ಬರು ಮಕ್ಕಳ ಓದು ಇದೆ. ಜನಕ್ಕೆ ಕನಸು ಬೇಕು ಟೇಪಕ್ಕ, ನೀನು ಹೋಗಿ ಅಳತೆ ಕೈಗಿಡ್ತೀಯ. ಮೊದ್ಲು ಸಹಿ ಆಗ್ಲಿ. ಆಮೇಲೆ ಅಲ್ಲಿ ಇಲ್ಲಿ ಸರಿ ಮಾಡ್ಕೊಂಡ್ರಾಯ್ತು.”

ಅವನು ಹೋದ ಮೇಲೆ ಅವಳು, ಅವನು ಬಿಟ್ಟುಹೋದ ಕಂಪನಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಬಹಳ ಹೊತ್ತು ಸ್ಕೇಲು ಹಿಡಿದು ಕುಳಿತಳು. ಅವನ ಮಾತಿನಲ್ಲಿ ಹುರುಳಿರಲಿಲ್ಲ ಎಂದು ಅವಳಿಗೆ ಹೇಳಲಾಗಲಿಲ್ಲ. ಚಿತ್ರ ಹಿಗ್ಗಿಸಿ ಸುಳ್ಳು ಹೇಳುತ್ತದೆ. ಸುಣ್ಣ ಕುಗ್ಗಿಸಿ ಸುಳ್ಳು ಹೇಳುತ್ತದೆ. ತನ್ನ ಸುಳ್ಳೇ ಮೇಲು ಎಂದುಕೊಳ್ಳಲು ತನಗೇನು ಹಕ್ಕು?

ಭಾನುವಾರ ಬೆಳಿಗ್ಗೆ ಗಂಡ, ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಕಾರಿನ ತನಕ ಬಂದ.

“ಸುಣ್ಣ ಹಾಕ್ತೀಯಾ ಇವತ್ತು?”

“ಇನ್ನೂ ತೀರ್ಮಾನ ಮಾಡಿಲ್ಲ.”

“ಸರಿ ಹಾಗಾದ್ರೆ. ಡಿಕ್ಕಿಯಲ್ಲಿರೋ ಮೂಟೆ ತೀರ್ಮಾನ ಮಾಡಿದೆ ಅಂತ ಕಾಣುತ್ತೆ.”

ಸೈಟು ಎರಡು ಮನೆಗಳ ನಡುವೆ ಹಲ್ಲು ಬಿದ್ದ ಸಂದಿಯ ಹಾಗೆ ಇತ್ತು. ಅವಳು ಎಲ್ಲರಿಗಿಂತ ಒಂದೂವರೆ ಗಂಟೆ ಮೊದಲೇ ಬಂದು, ಗೂಟ ನೆಟ್ಟು, ದಾರ ಎಳೆದು, ಗೆರೆ ಹಾಕಿ ಮುಗಿಸಿದಳು. ಹಾಕಿದ್ದು ತನ್ನ ನಕ್ಷೆಯನ್ನಲ್ಲ, ಕಂಪನಿಯದನ್ನು. ಇಂಚು ಬಿಡದೆ, ಅದರಲ್ಲಿ ಇದ್ದದ್ದು ಇದ್ದ ಹಾಗೆ.

ಪರದೆ ಕಾರಿನಿಂದ ಇಳಿದು ನೆಲ ನೋಡಿದ, ಆಮೇಲೆ ಆಕಾಶ ನೋಡಿದ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮನೆಯವರು ಬಂದರು. ಮುಂದೆ ಆರಡಿ ಮೀರಿದ ಔಷಧಿ ಅಂಗಡಿಯವನು, ಅವನ ಹಿಂದೆ ಮಾತಿನ ಮಲ್ಲಿಯಾದ ಹೆಂಡತಿ, ಕೊನೆಯಲ್ಲಿ ಅವನ ಅಕ್ಕ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಅಕ್ಕ, ತಮ್ಮನ ಜೊತೆಗೇ ಇರುವವಳು. ಗಿರಾಕಿಗೆ ಕೊಡಬೇಕಾದ ಬಟ್ಟೆಯ ಗಂಟೊಂದು ಅವಳ ಕಂಕುಳಲ್ಲಿತ್ತು.

“ಇದೇನು ಮೇಡಂ, ಇಷ್ಟೇನಾ ನಮ್ಮ ಹಾಲ್?” ಅಂಗಡಿಯವನ ಮುಖ ಸಪ್ಪೆಯಾಯಿತು. ಟೇಪಕ್ಕ ಇದನ್ನು ಮೊದಲೇ ಎಣಿಸಿದ್ದಳು.

“ಸುಣ್ಣದಲ್ಲಿ ಚಿಕ್ಕದಾಗೇ ಕಾಣೋದು. ಅದರ ಬಗ್ಗೆ ಯೋಚಿಸ್ಬೇಡಿ. ಮೊದ್ಲು ನಿಮ್ಮ ಕೋಣೆಗೆ ಬನ್ನಿ. ನಕ್ಷೆಯಲ್ಲಿ ಮಂಚ ಎಷ್ಟಿದೆಯೋ ಅಷ್ಟೇ ಹಾಕಿದೀನಿ, ಸ್ವಲ್ಪ ಮಲಗಿ ನೋಡಿ.”

“ನೆಲದ ಮೇಲಾ?”

“ಚಾಪೆ ತಂದಿದೀನಿ.”

ಹೆಂಡತಿ ನಗು ತಡೆದುಕೊಂಡಳು. ಅಂಗಡಿಯವನು ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಗೆರೆಯ ಮಂಚದಲ್ಲಿ ಚಾಚಿಕೊಂಡ. ತಲೆ ಒಂದು ಗೆರೆಗೆ ಮುಟ್ಟಿತು. ಪಾದಗಳು, ಅವುಗಳ ಹಿಂದೆ ಒಂದಿಷ್ಟು ಮೊಣಕಾಲ ಕೆಳಭಾಗವೂ, ಇನ್ನೊಂದು ಗೆರೆಯಾಚೆ ಬಿಸಿಲಿನಲ್ಲಿ ಉಳಿದವು.

“ಅಯ್ಯೋ, ಈ ಮಂಚಕ್ಕೆ ಎರಡು ಕಾಲು ಜಾಸ್ತಿ ಆಯ್ತಲ್ರೀ!” ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳೂ ನಕ್ಕಳು.

“ಐದೇ ಅಡಿ” ಎಂದಳು ಟೇಪಕ್ಕ, ನಗದೆ. “ಮಂಚ ಕುಗ್ಗಿಸಿ ಬರೆದ್ರೆ ಕೋಣೆ ದೊಡ್ಡದಾಗಿ ಕಾಣುತ್ತೆ. ಚಿತ್ರ ಮಾಡೋರು ಹೀಗೆ ಮಾಡೋದು ಉಂಟು. ನಿಜವಾದ ಮಂಚ ಆರೂವರೆ.” ಅವಳು ಕಾಲಿನಿಂದ ಗೆರೆ ಅಳಿಸಿ ಹೊಸದು ಎಳೆದಳು. ಈಗ ಮಂಚದ ತುದಿಗೂ ಬೀರುವಿನ ಗೆರೆಗೂ ನಡುವೆ ಒಂದೂವರೆ ಅಡಿ ಉಳಿಯಿತು. ಹೆಂಡತಿ ಅಲ್ಲಿ ಅಡ್ಡಡ್ಡ ನಡೆದು ನೋಡಿದಳು, ಏಡಿಯ ಹಾಗೆ. ಅವಳ ನಗು ನಿಂತಿತ್ತು.

ಅಂಗಡಿಯವನು ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡ. ಕಿವಿ ಕೆಂಪಾಗಿತ್ತು. ತಾರಸಿಯವಳ ಮುಂದೆ ನಗೆಪಾಟಲಾದ ಗಂಡಸಿಗೆ ಅಳತೆಯ ಮಾತು ಹಿಡಿಸುವುದಿಲ್ಲ. “ಹಾಲ್ ಒಂದನ್ನ ಮುಟ್ಟಬೇಡಿ. ನನಗೆ ಆ ಹಾಲ್ ಬೇಕು” ಎಂದ ಬಿಗಿಯಾಗಿ. “ಬೇಕಾದ್ರೆ ಅಕ್ಕನ ಕೋಣೆಯಿಂದ ಒಂದಡಿ ತಗೊಳ್ಳಿ.”

ಆಗಲೇ ಎಲ್ಲರೂ ಅಕ್ಕನ ಕಡೆ ತಿರುಗಿದ್ದು. ಅವಳು ತನ್ನ ಕೋಣೆಯ ಗೆರೆಗಳೊಳಗೆ ಒಬ್ಬಳೇ ನಿಂತು, ಬಾಗಿಲ ಅರ್ಧಚಂದ್ರವನ್ನು ನೋಡುತ್ತಿದ್ದಳು. ಚಿತ್ರದಲ್ಲಿ ಆ ಕೋಣೆಗೆ ಒಂದು ಪುಟ್ಟ ಮಂಚ, ಒಂದು ದೀಪ, ಒಂದು ಹೂದಾನಿ ಇದ್ದವು.

“ಇದು ಕಟಿಂಗ್ ತಾನೇ?” ಎಂದಳು ಟೇಪಕ್ಕನಿಗೆ. “ನಾವೂ ಹೀಗೇ ಸೀಮೆಸುಣ್ಣದಲ್ಲಿ ಹಾಕ್ತೀವಿ. ಗೆರೆ ಎರಡೆರಡು ಯಾಕೆ ಅಂದ್ಕೊಂಡೆ, ಗೊತ್ತಾಯ್ತು. ಮಧ್ಯದ್ದು ಗೋಡೆ ದಪ್ಪ. ನಾವು ಹೊಲಿಗೆಗೆ ಬಿಡೋ ಹಾಗೆ.”

ಇಪ್ಪತ್ತಾರು ವರ್ಷಗಳಲ್ಲಿ ಯಾವ ಗಿರಾಕಿಯೂ ಹೇಳಿಕೊಡದೆ ಅದನ್ನು ಗುರುತಿಸಿರಲಿಲ್ಲ. ಟೇಪಕ್ಕ ಹತ್ತಿರ ಬಂದಳು. “ನಿಮ್ಮ ಮೆಷಿನ್ ಎಲ್ಲಿಡ್ತೀರಿ?”

“ಇಲ್ಲಿಟ್ರೆ ಬಾಗಿಲು ಬಡಿಯುತ್ತೆ. ಅಲ್ಲಿಟ್ರೆ ನಾನು ಕೂರೋಕಾಗಲ್ಲ. ಕತ್ತರಿಸೋ ಮೇಜಂತೂ ಹಿಡಿಯೋದೇ ಇಲ್ಲ.” ಅವಳು ದೂರುತ್ತಿರಲಿಲ್ಲ. ಅಳತೆಗೆ ಬಟ್ಟೆ ಸಾಲದು ಎಂದು ಗಿರಾಕಿಗೆ ಹೇಳುವ ದನಿ ಅದು. “ಇರ್ಲಿ ಬಿಡಿ, ಹಾಲ್‌ನಲ್ಲೇ ಹೊಲೀತೀನಿ.”

“ಹಾಲ್‌ನಲ್ಲಾ?” ತಮ್ಮನ ಹೆಂಡತಿ ಕಣ್ಣರಳಿಸಿದಳು. “ಆ ಸೋಫಾ ಮುಂದೆ ಗಿರಾಕಿಗಳು ಬಂದು ಎದೆ ಸುತ್ತಳತೆ ಕೊಡೋದಾ ಅತ್ತಿಗೆ? ಇವರ ಸ್ನೇಹಿತರು ಕೂತಿರ್ತಾರೆ, ಲಕ್ಷಣವಾಗಿರುತ್ತೆ!”

“ಮೂರು ಅಡಿ” ಎಂದಳು ಟೇಪಕ್ಕ. “ಈ ಗೋಡೆ ಮೂರು ಅಡಿ ಹಾಲ್ ಕಡೆ ಹೋದ್ರೆ ಮೆಷಿನ್ನೂ ಹಿಡಿಯುತ್ತೆ, ಮೇಜೂ ಹಿಡಿಯುತ್ತೆ. ಆದ್ರೆ ಅಷ್ಟು ಕಿರಿದಾದ ಹಾಲ್‌ಗೆ ಎರಡು ಮಹಡಿ ಎತ್ತರ ಕೊಟ್ರೆ ಬಾವಿ ಥರ ಕಾಣುತ್ತೆ, ಅದು ಆಗಲ್ಲ. ಅದನ್ನ ನಾನು ಇವತ್ತೇ ಹೇಳ್ಬೇಕು.”

“ಕಂಪನಿಯವರು ಇದೆಲ್ಲ ಹೇಳಲೇ ಇಲ್ಲವಲ್ಲ?” ಅಂಗಡಿಯವನು ಪರದೆಯ ಕಡೆ ತಿರುಗಿದ. ಪರದೆ ಕೈಯಲ್ಲಿದ್ದ ಒಪ್ಪಂದದ ಕಾಗದ ಸುರುಳಿ ಸುತ್ತುತ್ತ, “ಅದೆಲ್ಲ ಆಮೇಲೆ ನೋಡ್ಕೊಳ್ಳೋ ಸಣ್ಣ ವಿಷಯ ಸಾರ್” ಎಂದ.

“ಮೂರು ಅಡಿ ಹೋದ್ರೆ ಹಾಲ್ ಅನ್ನೋದು ಓಣಿ ಆಗಿಬಿಡುತ್ತೆ” ಎಂದು ಅಂಗಡಿಯವನು ಗೊಣಗಿದ. “ಈಗಲೇ ನಿಂತ್ಕೊಳ್ಳೋಕೆ ಜಾಗ ಇಲ್ಲ.”

ಅಕ್ಕ ತನ್ನ ಗಂಟನ್ನು ನೆಲಕ್ಕಿಟ್ಟು ಬಿಚ್ಚಿದಳು. “ಗೆರೆ ನೋಡಿ ಏನೂ ಗೊತ್ತಾಗಲ್ಲ ಕಣೋ. ಬಟ್ಟೆ ನೆಲದ ಮೇಲೆ ಹಾಸಿದಾಗ ಎಲ್ಲ ಅಂಗಿನೂ ದೊಡ್ಡದಾಗಿ ಕಾಣುತ್ತೆ, ಮನೆ ಅದಕ್ಕೆ ಉಲ್ಟಾ, ಚಿಕ್ಕದಾಗಿ. ತೊಡಿಸಿ ನೋಡ್ಬೇಕು.” ಕಿಟಕಿ ಪರದೆಗೆಂದು ಯಾರೋ ಕೊಟ್ಟಿದ್ದ ಹತ್ತು ಗಜದ ತಿಳಿಹಳದಿ ಬಟ್ಟೆಯನ್ನು ಕೊಡವಿ, ಒಂದು ತುದಿಯನ್ನು ತಮ್ಮನ ಹೆಂಡತಿಯ ಕೈಗಿಟ್ಟಳು. “ಆ ಮೂಲೆಗೆ ಹೋಗು. ಬಟ್ಟೆ ತಲೆಗಿಂತ ಮೇಲೆತ್ತಿ ಹಿಡ್ಕೋ. ಮೂರು ಅಡಿ ಆಚೆ, ಅವರು ಹೇಳಿದ ಕಡೆ.”

ಬಟ್ಟೆ ಎದ್ದು ನಿಂತಿತು. ಬೆಳಗಿನ ಬಿಸಿಲು ಅದರ ಮೂಲಕ ತೂರಿ ಬಂದು, ಈಚೆಯ ಮಣ್ಣಿನ ಮೇಲೆಲ್ಲ ಹಳದಿಯಾಗಿ ಬಿತ್ತು. ಗಾಳಿಗೆ ಗೋಡೆ ಉಸಿರಾಡಿತು. ಟೇಪಕ್ಕ ಹಾಲ್‌ನ ಗೆರೆಗಳೊಳಗೆ ಕಾಲಿಟ್ಟಳು. ಇಷ್ಟು ವರ್ಷ ಬಾಯಿ ಮಾತಿನಲ್ಲಿ ಎಷ್ಟು ಹೇಳಿದರೂ ಯಾರಿಗೂ ಕಾಣಿಸದಿದ್ದದ್ದು ಅಲ್ಲಿತ್ತು. ಮೂರು ಅಡಿ ಕಳೆದುಕೊಂಡ ಮೇಲೂ ಅದು ಜನ ಕೂತು ಮಾತಾಡಬಹುದಾದ ಕೋಣೆ. ತನಗಿದು ಹೊಳೆಯಲೇ ಇಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಅವಳು ಜನರನ್ನು ಬರೀ ಗೆರೆಯ ಮೇಲೆ ನಿಲ್ಲಿಸಿ, ಗೋಡೆಯನ್ನು ನಂಬಿ ಎಂದಿದ್ದಳು. ಹಲ್ಲಿನ ಡಾಕ್ಟರು ಓಡಿಹೋದದ್ದರಲ್ಲಿ ಅವರ ತಪ್ಪೆಷ್ಟು?

“ಬರ್ರೀ ಇಲ್ಲಿ” ಹೆಂಡತಿ ಎತ್ತಿದ ಕೈಗಳ ನಡುವಿನಿಂದ ಕೂಗಿದಳು. “ಒಳಗೆ ನಿಂತು ನೋಡಿ. ಅಷ್ಟೇನೂ ಕೆಟ್ಟದಾಗಿಲ್ಲ.”

ಅಂಗಡಿಯವನು ಒಳಗೆ ಬಂದ, ಬಟ್ಟೆಯನ್ನು ನೋಡಿದ, ಮೇಲೆ ನೋಡಿದ. ಎರಡು ಮಹಡಿಯ ಎತ್ತರ ಅವನ ಕಣ್ಣಿನಿಂದ ಇನ್ನೂ ಇಳಿದಿರಲಿಲ್ಲ. “ಯೋಚನೆ ಮಾಡಿ ಹೇಳ್ತೀವಿ” ಎಂದ.

ಆ ಮಾತಿನ ಅರ್ಥ ಟೇಪಕ್ಕನಿಗೆ ಗೊತ್ತಿತ್ತು. ಹೆಚ್ಚಿನ ಸಲ ಅದಾದ ಮೇಲೆ ಫೋನು ಬರುವುದಿಲ್ಲ.

“ಅದೇನು ಯೋಚನೆ? ಮೊದ್ಲು ಈ ತುದಿ ಹಿಡ್ಕೊಳ್ಳಿ, ನನ್ನ ಕೈ ಬಿದ್ದುಹೋಗ್ತಿದೆ” ಎಂದಳು ಹೆಂಡತಿ. ಅವನು ಹಿಡಿದುಕೊಂಡ.

ಪರದೆ ಟೇಪಕ್ಕನ ಮೊಣಕೈ ಮುಟ್ಟಿ ಬದಿಗೆ ಕರೆದೊಯ್ದ. ಸಿಟ್ಟಿಗಿಂತ ಹೆಚ್ಚು ಸುಸ್ತು ಅವನ ಮುಖದಲ್ಲಿತ್ತು. “ಕೇಳು ಟೇಪಕ್ಕ. ಇನ್ನೂ ಕೈ ಮೀರಿಲ್ಲ. ಅವನಿಗೆ ಆ ಹಾಲ್ ಬೇಕು, ಈಗ ನಾನು ಹೋಗಿ ಹಾಲ್ ಇದ್ದ ಹಾಗೇ ಇರುತ್ತೆ ಅಂದ್ರೆ ಇಲ್ಲೇ ಸಹಿ ಹಾಕ್ತಾನೆ. ನಿನ್ನ ಸಹಿ ಒಂದು ಬೇಕು ಅಷ್ಟೇ. ಆ ಅಕ್ಕನಿಗೆ ಬೇರೆ ಏನಾದ್ರೂ ಮಾಡೋಣ, ಮಡಚೋ ಮಂಚ ಬಂದಿದೆ ಈಗ…”

“ಮಡಚೋ ಮಂಚದ ಮೇಲೆ ಬಟ್ಟೆ ಕತ್ತರಿಸ್ತಾಳಾ?”

“ನೀನು ವಾದ ಮಾಡ್ಬೇಡ. ನಾಳೆಯಿಂದ ಆ ಕಚೇರೀಲಿ ಕೂತು ಏನು ಮಾಡ್ತೀಯ, ಹೇಳು? ಎರಡು ಬೀರು ಮುಗಿದ್ಮೇಲೆ? ಸೋಮವಾರ ನನ್ನ ಮ್ಯಾನೇಜರಿಗೆ ನಾನು ಉತ್ತರ ಕೊಡ್ಬೇಕು. ನಿನ್ನ ಜಾಗಕ್ಕೆ ಇನ್ನೂ ಮೂರು ಜನ ಕಾಯ್ತಿದಾರೆ. ನಾನು ನಿನ್ನ ಒಳ್ಳೇದಕ್ಕೇ…”

“ಟೇಪಕ್ಕಾ!” ಬಟ್ಟೆಯ ಗೋಡೆಯ ಆಚೆಯಿಂದ ಹೊಲಿಗೆಯ ಅಕ್ಕನ ದನಿ ಬಂತು. ಆ ಹೆಸರನ್ನು ಅವಳು ಪರದೆಯ ಬಾಯಿಂದ ಕೇಳಿ ಆಗಲೇ ತನ್ನದು ಮಾಡಿಕೊಂಡಿದ್ದಳು. “ಈ ಬಾಗಿಲು ಹೊರಗಡೆ ತೆರೆಯೋ ಹಾಗೆ ಮಾಡೋಕಾಗುತ್ತಾ? ಹಾಗಾದ್ರೆ ಒಂದಡಿ ನಾನು ಬಿಟ್ಕೊಡ್ತೀನಿ, ಎರಡೇ ಅಡಿ ಸಾಕು. ಇವನಿಗೂ ಸಮಾಧಾನ ಆಗುತ್ತೆ.”

ಎರಡು ಅಡಿ. ಟೇಪಕ್ಕ ಮನಸ್ಸಿನಲ್ಲೇ ಗೋಡೆ ಸರಿಸಿ ನೋಡಿದಳು. ಮೆಷಿನ್, ಮೇಜು, ಕೂತವಳ ಮೊಣಕಾಲು, ಹೊರಗೆ ತೆರೆದ ಬಾಗಿಲಿನ ಹಿಂದೆ ದಾರಿ. ಹಿಡಿಯುತ್ತದೆ ಅನ್ನಿಸಿತು. ಖಚಿತವಾಗಬೇಕಾದರೆ ಹಾಕಿ ನೋಡಬೇಕು.

“…ಹೇಳ್ತಿರೋದು, ಅರ್ಥ ಆಯ್ತಾ? ಸಂಬಳ ಅಂದ್ರೆ ಸಂಬಳ, ತಿಂಗಳು ಆಯ್ತು ಅಂದ್ರೆ ಬಂತು” ಎನ್ನುತ್ತಿದ್ದ ಪರದೆ. “ನೀನು ಸುಮ್ನೆ ಹೂಂ ಅಂದ್ರೆ ಸಾಕು, ಮಿಕ್ಕಿದ್ದನ್ನೆಲ್ಲ ನಾನು…”

“ಬಂದೇ” ಎಂದು ಅಕ್ಕನಿಗೆ ಕೂಗಿ ಹೇಳಿ, ಟೇಪಕ್ಕ ಸುಣ್ಣದ ಬುಟ್ಟಿ ಎತ್ತಿಕೊಂಡು ಆ ಕಡೆ ನಡೆದಳು.